ಮಗುವಿಗೆ ಬೈಪೋಲಾರ್ ಇರಬಹುದೇ? ಪೋಷಕರಿಗೂ ಶಿಕ್ಷಕರಿಗೂ ಹಂತ ಹಂತದ ಮಾರ್ಗದರ್ಶಿ

ಮಕ್ಕಳ ಮಾನಸಿಕ ಆರೋಗ್ಯದ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳಲ್ಲಿ ಎರಡು ಪದೇ ಪದೇ ಬರುತ್ತವೆ. ಒಂಬತ್ತು ವರ್ಷದ ಮಗ ಮೊಬೈಲ್ ಕಸಿದುಕೊಂಡರೆ ತಟ್ಟೆ ಬಿಸಾಡುತ್ತಾನೆ, ಅರ್ಧ ಗಂಟೆ ಕಳೆಯುವುದರೊಳಗೆ ಏನೂ ಆಗದವನಂತೆ ಬಂದು ತಬ್ಬಿಕೊಳ್ಳುತ್ತಾನೆ, ಇದು ಬೈಪೋಲಾರ್ ಇರಬಹುದೇ ಎಂಬುದು ಮೊದಲನೆಯದು. ಹದಿನೈದು ವರ್ಷದ ಮಗಳಿಗೆ ವೈದ್ಯರು ಬೈಪೋಲಾರ್ ಎಂದು ಹೇಳಿ ಮಾತ್ರೆ ಬರೆದುಕೊಟ್ಟಿದ್ದಾರೆ, ಈಗ ಚೆನ್ನಾಗಿಯೇ ಇದ್ದಾಳೆ, ನಿಲ್ಲಿಸಬಹುದೇ ಎಂಬುದು ಎರಡನೆಯದು. ಮೊದಲ ಪ್ರಶ್ನೆಗೆ ಬಹುತೇಕ ಸಂದರ್ಭಗಳಲ್ಲಿ ಉತ್ತರ ‘ಬಹುಶಃ ಇಲ್ಲ’ ಎಂದೇ ಇರುತ್ತದೆ. ಎರಡನೆಯದಕ್ಕೆ ‘ನೀವಾಗಿಯೇ ಖಂಡಿತ ನಿಲ್ಲಿಸಬೇಡಿ’ ಎಂದು ಹೇಳಬೇಕಾಗುತ್ತದೆ. ಇಲ್ಲದ ಕಾಯಿಲೆಯ ಹಣೆಪಟ್ಟಿ ಹೊತ್ತು ಬೆಳೆಯುವ ಮಗುವಿಗೂ, ಇರುವ ಕಾಯಿಲೆಗೆ ಚಿಕಿತ್ಸೆ ಸಿಗದೆ ವರ್ಷಗಳನ್ನು ಕಳೆದುಕೊಳ್ಳುವ ಮಗುವಿಗೂ ಆಗುವ ನಷ್ಟ ದೊಡ್ಡದು. ಆದ್ದರಿಂದ ಈ ಲೇಖನವನ್ನು ಇಬ್ಬರ ಮನೆಯವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಮೊದಲು ಕೆಲವು ಪದಗಳು. ಬೈಪೋಲಾರ್ ಎಂದರೆ ಮನಃಸ್ಥಿತಿ ಎರಡು ತುದಿಗಳಿಗೆ ಹೋಗುವ ಕಾಯಿಲೆ. ಮೇಲಿನ ತುದಿಗೆ ಉನ್ಮಾದ ಅಥವಾ ಮೇನಿಯಾ ಎನ್ನುತ್ತಾರೆ, ಕೆಳಗಿನ ತುದಿಗೆ ಖಿನ್ನತೆ ಎನ್ನುತ್ತಾರೆ. ಉನ್ಮಾದದ ಸೌಮ್ಯ ರೂಪಕ್ಕೆ ಹೈಪೋಮೇನಿಯಾ ಎಂದು ಹೆಸರು. ಕಾಯಿಲೆ ಕಾಣಿಸಿಕೊಂಡು, ಕೆಲವು ದಿನ ಅಥವಾ ವಾರಗಳ ಕಾಲ ಇದ್ದು, ಇಳಿದುಹೋಗುವ ಅವಧಿಯನ್ನು ವೈದ್ಯರು ಎಪಿಸೋಡ್ ಎಂದು ಕರೆಯುತ್ತಾರೆ. ನಾನು ಇಲ್ಲಿ ‘ಕಂತು’ ಎನ್ನುತ್ತೇನೆ. ಈ ಒಂದು ಪದವನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ, ಮುಂದಿನದೆಲ್ಲವೂ ಇದರ ಮೇಲೆಯೇ ನಿಂತಿದೆ.

ಹಂತ 1: ಸಿಟ್ಟನ್ನು ನೋಡಬೇಡಿ, ಬದಲಾವಣೆಯನ್ನು ನೋಡಿ

ಸಿಟ್ಟು, ಹಟ, ಕಿರಿಕಿರಿ ಇವು ಮಕ್ಕಳ ಬಹುತೇಕ ಎಲ್ಲ ಮಾನಸಿಕ ತೊಂದರೆಗಳಲ್ಲಿಯೂ ಕಾಣುತ್ತವೆ. ಯಾವ ತೊಂದರೆಯೂ ಇಲ್ಲದ ಮಕ್ಕಳಲ್ಲಿಯೂ ಕಾಣುತ್ತವೆ. ಹಾಗಾಗಿ ಸಿಟ್ಟೊಂದರಿಂದಲೇ ಬೈಪೋಲಾರ್ ಎಂದು ತೀರ್ಮಾನಿಸಲು ಸಾಧ್ಯವಿಲ್ಲ. ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯೇ ಇದೆ: ಈ ಮಗು ತಾನು ಯಾವಾಗಲೂ ಇರುವ ರೀತಿಗಿಂತ ಸ್ಪಷ್ಟವಾಗಿ ಬೇರೆಯಾಗಿ, ಇಂಥ ದಿನದ ಸುಮಾರಿಗೆ ಶುರುವಾಯಿತು ಎಂದು ಹೇಳಬಹುದಾದಂತೆ ಬದಲಾಗಿದೆಯೇ, ಮತ್ತು ಆ ಬದಲಾವಣೆ ದಿನಗಟ್ಟಲೆ ಮುಂದುವರಿದಿದೆಯೇ? ಅಕ್ಕಪಕ್ಕದ ಮನೆಯ ಮಗುವಿನೊಂದಿಗೆ ಹೋಲಿಸಿದರೆ ಇದಕ್ಕೆ ಉತ್ತರ ಸಿಗದು. ಕಳೆದ ವರ್ಷದ ಇದೇ ಮಗುವಿನೊಂದಿಗೆ ಹೋಲಿಸಬೇಕು.

ಮನೋವೈದ್ಯರು ಬಳಸುವ ಅಮೆರಿಕದ ರೋಗನಿರ್ಣಯ ಕೈಪಿಡಿಯ ಪ್ರಕಾರ ಉನ್ಮಾದದ ಕಂತು ಕನಿಷ್ಠ 7 ದಿನ, ದಿನದ ಹೆಚ್ಚಿನ ಹೊತ್ತು ಇರಬೇಕು. ಆಸ್ಪತ್ರೆಗೆ ಸೇರಿಸಬೇಕಾದಷ್ಟು ತೀವ್ರವಾಗಿದ್ದರೆ ಮಾತ್ರ ಈ ದಿನಗಳ ಲೆಕ್ಕ ಬೇಡ. ಹೈಪೋಮೇನಿಯಾಕ್ಕೆ ಕನಿಷ್ಠ 4 ದಿನ, ಖಿನ್ನತೆಗೆ ಕನಿಷ್ಠ 2 ವಾರ. ಅರ್ಧ ಗಂಟೆ ಕಿರುಚಾಡಿ ಸಮಾಧಾನವಾಗುವ ಮಗುವಿನ ಮನಸ್ಸು ದಿನಕ್ಕೆ ನಾಲ್ಕು ಸಲ ಬದಲಾಗುತ್ತಿರಬಹುದು, ಆದರೆ ಅದನ್ನು ಕಂತು ಎನ್ನುವುದಿಲ್ಲ.

ಉನ್ಮಾದದ ಕಂತಿನಲ್ಲಿ ನಿದ್ರೆಯೇ ಅತ್ಯಂತ ನಂಬಬಹುದಾದ ಗುರುತು ಎಂಬುದು ನನ್ನ ಅಭಿಪ್ರಾಯ. ಮೊಬೈಲ್ ಹಿಡಿದು ರಾತ್ರಿ ಎರಡರವರೆಗೆ ಎಚ್ಚರವಿದ್ದು ಬೆಳಗ್ಗೆ ಎದ್ದೇಳಲಾಗದ ಮಗುವಿಗೆ ನಿದ್ರೆ ಸಾಲದಾಗಿದೆ. ಮೂರು ಗಂಟೆ ಮಲಗಿಯೂ ಮರುದಿನ ಆಯಾಸವೇ ಇಲ್ಲದೆ, ಇನ್ನೂ ಹೆಚ್ಚಿನ ಹುರುಪಿನಿಂದ ಓಡಾಡುವ ಮಗುವಿಗೆ ನಿದ್ರೆಯ ಅಗತ್ಯವೇ ಕಡಿಮೆಯಾಗಿದೆ. ಈ ಎರಡನೆಯ ಸ್ಥಿತಿ ನಾಲ್ಕಾರು ದಿನ ಮುಂದುವರಿದರೆ ಗಂಭೀರವಾಗಿ ಪರಿಗಣಿಸಿ. ಇದರ ಜೊತೆಗೆ ಕಾರಣವಿಲ್ಲದ ಅತಿಯಾದ ಸಂತೋಷ, ಇತರರು ಮಧ್ಯೆ ಬಾಯಿ ಹಾಕಲಾಗದಷ್ಟು ಮಾತು, ಒಂದು ವಿಷಯದಿಂದ ಇನ್ನೊಂದಕ್ಕೆ ಜಿಗಿಯುವ ಯೋಚನೆ, ತಾನು ದೇವರಿಂದ ಕಳುಹಿಸಲ್ಪಟ್ಟವನು, ತನಗೆ ಓದುವ ಅಗತ್ಯವೇ ಇಲ್ಲ ಎಂಬಂಥ ದೊಡ್ಡ ಮಾತು, ಲೆಕ್ಕವಿಲ್ಲದೆ ಹಣ ಖರ್ಚು ಮಾಡುವುದು, ಅಪಾಯಕಾರಿಯಾಗಿ ಬೈಕ್ ಓಡಿಸುವುದು, ವಯಸ್ಸಿಗೆ ಮೀರಿದ ಲೈಂಗಿಕ ಮಾತು ಅಥವಾ ನಡವಳಿಕೆ ಇವೆಲ್ಲ ಒಟ್ಟಾಗಿ ಬಂದಿವೆಯೇ ಎಂದು ನೋಡಬೇಕು. ಲೈಂಗಿಕ ನಡವಳಿಕೆ ಕಂಡಾಗ ಮಗುವಿನ ಮೇಲೆ ದೌರ್ಜನ್ಯ ನಡೆದಿರಬಹುದಾದ ಸಾಧ್ಯತೆಯನ್ನೂ ವೈದ್ಯರು ಮತ್ತು ಮನೆಯವರು ಪರಿಶೀಲಿಸಲೇಬೇಕು. ಅದನ್ನು ಕಾಯಿಲೆಯ ಲೆಕ್ಕಕ್ಕೆ ಸೇರಿಸಿ ಸುಮ್ಮನಾಗಬಾರದು.

ಹುಟ್ಟಿನಿಂದಲೇ ಚಡಪಡಿಕೆಯ, ಒಂದೆಡೆ ಕೂರದ, ಮಧ್ಯೆ ಮಧ್ಯೆ ಮಾತನಾಡುವ ಮಗುವಿಗೆ ಇರುವುದು ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ ಇರಬಹುದು. ಅದು ವರ್ಷವಿಡೀ ಒಂದೇ ತೆರನಾಗಿರುತ್ತದೆ, ಬೈಪೋಲಾರ್ ಬಂದು ಹೋಗುತ್ತದೆ. ಎರಡೂ ಒಟ್ಟಿಗೆ ಇರಬಲ್ಲವು ಎಂಬುದರಿಂದ ಈ ಬೇರ್ಪಡಿಕೆ ತಜ್ಞರಿಗೂ ಸುಲಭವಲ್ಲ.

ಈ ಎಚ್ಚರಿಕೆಗೆ ಒಂದು ಚರಿತ್ರೆಯೇ ಇದೆ. ಅಮೆರಿಕದಲ್ಲಿ 1994-95 ಮತ್ತು 2002-03ರ ನಡುವೆ, 20 ವರ್ಷದೊಳಗಿನವರು ಬೈಪೋಲಾರ್ ಎಂಬ ರೋಗನಿರ್ಣಯದೊಂದಿಗೆ ವೈದ್ಯರನ್ನು ಕಂಡ ಪ್ರಮಾಣ ಸುಮಾರು 40 ಪಟ್ಟು ಏರಿತು. ಕಾಯಿಲೆಯೇ ಅಷ್ಟು ಹೆಚ್ಚಿತೆಂದು ಯಾರೂ ನಂಬಲಿಲ್ಲ. ಸದಾ ಸಿಡುಕುವ ಮಕ್ಕಳನ್ನು ಬೈಪೋಲಾರ್ ಎಂದು ಕರೆಯುವುದು ರೂಢಿಯಾಗಿತ್ತು. ಅಂಥ ಮಕ್ಕಳಿಗಾಗಿಯೇ 2013ರಲ್ಲಿ ಅದೇ ಕೈಪಿಡಿಯ ಐದನೆಯ ಆವೃತ್ತಿ ಡಿಎಂಡಿಡಿ ಎಂಬ ಪ್ರತ್ಯೇಕ ಹೆಸರನ್ನು ಕೊಟ್ಟಿತು. ವಾರಕ್ಕೆ ಮೂರು ಅಥವಾ ಹೆಚ್ಚು ಸಲ ಸಿಟ್ಟು ಸ್ಫೋಟಗೊಳ್ಳುವ, ನಡುವಿನ ದಿನಗಳಲ್ಲಿಯೂ ಕಿರಿಕಿರಿ ಇಳಿಯದ, ಒಂದು ವರ್ಷಕ್ಕೂ ಹೆಚ್ಚು ಕಾಲ ಹೀಗೆಯೇ ಇರುವ ಸ್ಥಿತಿ ಅದು. ವೈದ್ಯರಿಗೆ ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ಇಂಗ್ಲೆಂಡಿನ ನೈಸ್ ಸಂಸ್ಥೆಯ 2014ರ ಮಾರ್ಗಸೂಚಿಯೂ ಮಕ್ಕಳಲ್ಲಿ ಕಿರಿಕಿರಿಯನ್ನೇ ಆಧಾರವಾಗಿಟ್ಟುಕೊಂಡು ಬೈಪೋಲಾರ್ ಎನ್ನಬಾರದು ಎಂದು ಹೇಳುತ್ತದೆ. ಮಗು ಚಿಕ್ಕದಿದ್ದಷ್ಟೂ ಈ ಕಾಯಿಲೆಯ ಸಾಧ್ಯತೆ ಕಡಿಮೆ. ಪ್ರೌಢಾವಸ್ಥೆಗೆ ಮುಂಚೆ ಅಪರೂಪ, ಹದಿಹರೆಯದ ಕೊನೆಯ ವರ್ಷಗಳಲ್ಲಿ ಹೆಚ್ಚು.

ಹಂತ 2: ಎರಡು ವಾರ ಬರೆದಿಡಿ

ವೈದ್ಯರ ಕೋಣೆಯಲ್ಲಿ ಸಿಗುವ ಇಪ್ಪತ್ತು ನಿಮಿಷದಲ್ಲಿ ಎಲ್ಲವೂ ಮರೆತುಹೋಗುತ್ತದೆ, ಅಥವಾ ಹಿಂದಿನ ರಾತ್ರಿಯ ಜಗಳವೊಂದೇ ನೆನಪಾಗುತ್ತದೆ. ಹಾಗಾಗಿ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿದಿನ ಒಂದು ಸಾಲು ಬರೆಯಿರಿ: ಮಲಗಿದ ಮತ್ತು ಎದ್ದ ಸಮಯ, ಇಡೀ ದಿನದ ಮನಃಸ್ಥಿತಿಗೆ ಮೈನಸ್ 3ರಿಂದ ಪ್ಲಸ್ 3ರವರೆಗೆ ಒಂದು ಅಂಕ, ಊಟ, ಶಾಲೆಗೆ ಹೋದದ್ದು ಬಿಟ್ಟದ್ದು, ತೆಗೆದುಕೊಂಡ ಔಷಧ, ಹುಡುಗಿಯರಾದರೆ ಮುಟ್ಟಿನ ದಿನಗಳು. ಇದಕ್ಕೆ ಮೂಡ್ ಚಾರ್ಟ್ ಎನ್ನುತ್ತಾರೆ. ‘ಹುಚ್ಚುಹುಚ್ಚಾಗಿ ಆಡಿದ’ ಎಂದು ಬರೆದರೆ ವೈದ್ಯರಿಗೆ ಏನೂ ತಿಳಿಯದು; ‘ರಾತ್ರಿ ಎರಡು ಗಂಟೆಗೆ ಎದ್ದು ಕಪಾಟಿನ ಬಟ್ಟೆಯನ್ನೆಲ್ಲ ಹೊರಗೆ ಹಾಕಿ ಜೋಡಿಸಿದ, ನಾಲ್ಕು ಗಂಟೆಗೆ ಹಾಡುತ್ತಿದ್ದ’ ಎಂದು ಬರೆದರೆ ತಿಳಿಯುತ್ತದೆ. ಹದಿಹರೆಯದ ಮಕ್ಕಳಿದ್ದರೆ ಕದ್ದು ಬರೆಯಬೇಡಿ, ಅವರಿಗೆ ಹೇಳಿ, ಅಂಕವನ್ನು ಅವರಿಂದಲೇ ಹಾಕಿಸಿ.

ಕುಟುಂಬದ ಚರಿತ್ರೆಯನ್ನೂ ಅದರಲ್ಲಿಯೇ ಬರೆಯಿರಿ. ಅಜ್ಜನಿಗೋ ಸೋದರಮಾವನಿಗೋ ‘ತಲೆ ಕೆಟ್ಟಿತ್ತು’ ಎಂದು ಪಿಸುಮಾತಿನಲ್ಲಿ ಹೇಳುವ ಸಂಗತಿಗಳು, ಆತ್ಮಹತ್ಯೆ, ಅತಿಯಾದ ಕುಡಿತ ಯಾವುದನ್ನೂ ಮುಚ್ಚಿಡಬೇಡಿ. ತಂದೆ ಅಥವಾ ತಾಯಿಯಲ್ಲಿ ಒಬ್ಬರಿಗೆ ಬೈಪೋಲಾರ್ ಇದ್ದರೆ ಮಗುವಿಗೆ ಬರುವ ಸಾಧ್ಯತೆ ಶೇಕಡ 10ರ ಆಸುಪಾಸಿನಲ್ಲಿದೆ. ಇತರರಿಗಿಂತ ಇದು ಹೆಚ್ಚೇ ಸರಿ, ಆದರೆ ಅಂಥ ಹತ್ತು ಮಕ್ಕಳಲ್ಲಿ ಒಂಬತ್ತು ಮಕ್ಕಳಿಗೆ ಕಾಯಿಲೆ ಬರುವುದಿಲ್ಲ ಎಂಬುದನ್ನೂ ಇದರ ಜೊತೆಗೇ ಓದಿಕೊಳ್ಳಬೇಕು.

ಒಂದು ಎಚ್ಚರಿಕೆ: ಮಗು ಸಾಯುವ ಮಾತನಾಡುತ್ತಿದ್ದರೆ, ಇಲ್ಲದ ಧ್ವನಿಗಳು ಕೇಳಿಸುತ್ತಿವೆ ಎನ್ನುತ್ತಿದ್ದರೆ, ಎರಡು ಮೂರು ರಾತ್ರಿ ನಿದ್ರೆಯೇ ಇಲ್ಲದಿದ್ದರೆ ಎರಡು ವಾರ ಕಾಯಬೇಡಿ. ನೇರವಾಗಿ ಹಂತ 7ಕ್ಕೆ ಹೋಗಿ.

ಹಂತ 3: ಸರಿಯಾದ ಬಾಗಿಲು ತಟ್ಟಿ

ಈ ಕಾಯಿಲೆಯನ್ನು ನಿರ್ಣಯಿಸಿ ಔಷಧ ಕೊಡಬೇಕಾದವರು ಮನೋವೈದ್ಯರು, ಸಾಧ್ಯವಾದರೆ ಮಕ್ಕಳ ಮನೋವೈದ್ಯರು. ಆಪ್ತಸಮಾಲೋಚಕರೂ ಮನಶ್ಶಾಸ್ತ್ರಜ್ಞರೂ ಚಿಕಿತ್ಸೆಯಲ್ಲಿ ಬಹಳ ನೆರವಾಗುತ್ತಾರೆ, ಆದರೆ ಅವರು ಔಷಧ ಬರೆಯುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗವೇ ಇದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ಎಲ್ಲರೂ ಮೊದಲಿಗೇ ಅಷ್ಟು ದೂರ ಹೋಗಬೇಕಾಗಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರು ಜಿಲ್ಲಾ ಆಸ್ಪತ್ರೆಯಲ್ಲಿ ಸಿಗುತ್ತಾರೆ. ತಾಲ್ಲೂಕು ಆಸ್ಪತ್ರೆಗೆ ಅವರು ಯಾವ ದಿನ ಬರುತ್ತಾರೆ ಎಂಬುದನ್ನು ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿಯಿರಿ. ಎಲ್ಲಿಗೆ ಹೋಗುವುದೆಂದೇ ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಉಚಿತ ಸೇವೆ ದಿನದ 24 ಗಂಟೆಯೂ ಇದೆ, ಕನ್ನಡದಲ್ಲಿ ಮಾತನಾಡಬಹುದು.

ದೃಷ್ಟಿ ತೆಗೆಸುವುದು, ತಾಯತ ಕಟ್ಟಿಸುವುದು, ಹರಕೆ ಹೊರುವುದು ನಮ್ಮಲ್ಲಿ ಬಹಳ ಮನೆಗಳಲ್ಲಿ ವೈದ್ಯರಿಗಿಂತ ಮುಂಚೆ ನಡೆಯುತ್ತದೆ. ಹಿರಿಯರ ನಂಬಿಕೆಯೊಡನೆ ಜಗಳವಾಡಿ ಸಮಯ ಕಳೆಯುವುದಕ್ಕಿಂತ, ಪೂಜೆಯೂ ಆಗಲಿ, ಅದೇ ವಾರ ವೈದ್ಯರ ಭೇಟಿಯೂ ಆಗಲಿ ಎಂದು ಒಪ್ಪಿಸುವುದು ಜಾಣತನ. ಹೊಡೆಯುವ, ಹೊಗೆ ಹಾಕುವ, ಉಪವಾಸ ಕೆಡಹುವ, ಕಟ್ಟಿಹಾಕುವ ‘ಚಿಕಿತ್ಸೆ’ಗೆ ಮಾತ್ರ ಮಗುವನ್ನು ಒಪ್ಪಿಸಬೇಡಿ. ಮಾನಸಿಕ ಕಾಯಿಲೆ ಇರುವವರನ್ನು ಸರಪಳಿಯಲ್ಲಿ ಬಂಧಿಸುವುದನ್ನು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ ನಿಷೇಧಿಸಿದೆ.

ವೈದ್ಯರು ಥೈರಾಯ್ಡ್ ಪರೀಕ್ಷೆ ಬರೆದರೆ, ಮೂರ್ಛೆರೋಗದ ಬಗ್ಗೆ, ಗಾಂಜಾ ಅಥವಾ ಇತರ ಮಾದಕ ವಸ್ತುಗಳ ಬಗ್ಗೆ ಕೇಳಿದರೆ ಬೇಸರಿಸಬೇಡಿ, ಅವೆಲ್ಲವೂ ಉನ್ಮಾದದಂತೆ ಕಾಣಿಸಿಕೊಳ್ಳಬಲ್ಲವು. ಮೂತ್ರಪಿಂಡದ ತೊಂದರೆಗೋ ಉಬ್ಬಸಕ್ಕೋ ಕೊಡುವ ಸ್ಟೆರಾಯ್ಡ್ ಮಾತ್ರೆಗಳೂ ಮನಃಸ್ಥಿತಿಯನ್ನು ಏರುಪೇರು ಮಾಡುತ್ತವೆ. ಹಳೆಯ ಚೀಟಿಗಳನ್ನೆಲ್ಲ ಕೊಂಡೊಯ್ಯಿರಿ.

ಇಲ್ಲಿ ಆಗುವ ದೊಡ್ಡ ತಪ್ಪೊಂದಿದೆ. ಬೈಪೋಲಾರ್ ಅನೇಕರಲ್ಲಿ ಖಿನ್ನತೆಯ ಕಂತಿನಿಂದಲೇ ಆರಂಭವಾಗುತ್ತದೆ. ಆಗ ಹಿಂದಿನ ಉನ್ಮಾದದ ಬಗ್ಗೆ ಯಾರೂ ಕೇಳದೆ, ಮನೆಯವರೂ ಹೇಳದೆ, ಖಿನ್ನತೆಯ ಔಷಧವೊಂದನ್ನೇ ಕೊಟ್ಟರೆ ಕೆಲವು ಮಕ್ಕಳು ಉನ್ಮಾದಕ್ಕೆ ತಿರುಗಬಹುದು. ಖಿನ್ನತೆಯ ಮಾತ್ರೆ ಆರಂಭಿಸಿದ ದಿನಗಳಲ್ಲಿ ಮಗು ನಿದ್ರೆ ಬಿಟ್ಟು ಅತಿಯಾಗಿ ಚುರುಕಾದರೆ ‘ಗುಣವಾಯಿತು’ ಎಂದು ಸಂತೋಷಪಡುವ ಮುನ್ನ ವೈದ್ಯರಿಗೆ ತಿಳಿಸಿ.

ಹಂತ 4: ಔಷಧವನ್ನು ಅರಿತುಕೊಂಡು ಕೊಡಿ

ಉನ್ಮಾದ ಇಳಿಸಲು ಮಕ್ಕಳಿಗೆ ಹೆಚ್ಚಾಗಿ ರಿಸ್ಪೆರಿಡೋನ್, ಅರಿಪಿಪ್ರಜೋಲ್, ಕ್ವೆಟಿಯಾಪಿನ್, ಒಲಾಂಜಪಿನ್‌ನಂಥ ಔಷಧಗಳನ್ನು ಕೊಡುತ್ತಾರೆ. ಇವುಗಳಲ್ಲಿ ಕೆಲವು ಹಸಿವನ್ನೂ ತೂಕವನ್ನೂ ಬೇಗ ಏರಿಸುತ್ತವೆ, ಸಕ್ಕರೆ ಮತ್ತು ಕೊಬ್ಬಿನಂಶವನ್ನು ಏರುಪೇರು ಮಾಡುತ್ತವೆ. ಆರಂಭಿಸುವ ಮುನ್ನ ತೂಕ, ಸೊಂಟದ ಸುತ್ತಳತೆ, ರಕ್ತದ ಸಕ್ಕರೆ ನೋಡಿರಬೇಕು, ಆಮೇಲೆಯೂ ಆಗಾಗ ನೋಡುತ್ತಿರಬೇಕು. ರಿಸ್ಪೆರಿಡೋನ್‌ನಿಂದ ಹುಡುಗಿಯರಲ್ಲಿ ಮುಟ್ಟು ನಿಲ್ಲುವುದು, ಹುಡುಗರಲ್ಲಿ ಸ್ತನ ಬೆಳೆಯುವುದು ಉಂಟು. ಮಕ್ಕಳು ನಾಚಿಕೆಯಿಂದ ಇದನ್ನು ಹೇಳದೆ ಮಾತ್ರೆಯನ್ನೇ ಕದ್ದು ಎಸೆಯುತ್ತಾರೆ, ನೀವೇ ಕೇಳಿ.

ಲಿಥಿಯಂ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಇದು ಮೂಡ್ ಸ್ಟೆಬಿಲೈಸರ್, ಅಂದರೆ ಮನಃಸ್ಥಿತಿಯನ್ನು ಎರಡೂ ತುದಿಗಳಿಗೆ ಹೋಗದಂತೆ ಹಿಡಿದಿಡುವ ಔಷಧ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಇದರ ಪರಿಣಾಮವನ್ನು ವರದಿ ಮಾಡಿದಂದಿನಿಂದ ಇಂದಿನವರೆಗೂ ಇದು ಅತ್ಯಂತ ಭರವಸೆಯ ಔಷಧಗಳಲ್ಲೊಂದು. ಆದರೆ ರಕ್ತದಲ್ಲಿ ಗುಣ ಮಾಡುವ ಮಟ್ಟಕ್ಕೂ ವಿಷವಾಗುವ ಮಟ್ಟಕ್ಕೂ ನಡುವೆ ಅಂತರ ಕಡಿಮೆ. ಸಾಮಾನ್ಯವಾಗಿ ಪ್ರಯೋಗಾಲಯದ ಲೆಕ್ಕದಲ್ಲಿ 0.6ರಿಂದ 1.2ರ ನಡುವೆ ಇರಬೇಕು. ಕೊನೆಯ ಮಾತ್ರೆ ನುಂಗಿದ 12 ಗಂಟೆಗಳ ನಂತರ ರಕ್ತ ಕೊಡಬೇಕು: ರಾತ್ರಿ ಎಂಟಕ್ಕೆ ಮಾತ್ರೆಯಾದರೆ ಬೆಳಗ್ಗೆ ಎಂಟಕ್ಕೆ, ಬೆಳಗಿನ ಮಾತ್ರೆ ನುಂಗುವ ಮುನ್ನ. ಬೆಳಗಿನ ಮಾತ್ರೆ ಕೊಟ್ಟು ಮಗುವನ್ನು ಲ್ಯಾಬಿಗೆ ಕರೆದೊಯ್ದರೆ ವರದಿ ತಪ್ಪಾಗುತ್ತದೆ. ಥೈರಾಯ್ಡ್ ಮತ್ತು ಮೂತ್ರಪಿಂಡದ ಪರೀಕ್ಷೆಯೂ ಸುಮಾರು ಆರು ತಿಂಗಳಿಗೊಮ್ಮೆ ಬೇಕು.

ದೇಹದಲ್ಲಿ ನೀರು ಮತ್ತು ಉಪ್ಪು ಕಡಿಮೆಯಾದರೆ ಲಿಥಿಯಂ ಮಟ್ಟ ಏರುತ್ತದೆ. ವಾಂತಿ ಭೇದಿ, ರಾಯಚೂರು ಕಲಬುರಗಿಯ ಬೇಸಿಗೆಯಲ್ಲಿ ಬಿಸಿಲಿನ ಆಟ, ನೀರೂ ಕುಡಿಯದ ಏಕಾದಶಿ, ರಂಜಾನ್ ರೋಜಾ, ಇದ್ದಕ್ಕಿದ್ದಂತೆ ಉಪ್ಪು ಬಿಡುವುದು ಇವೆಲ್ಲ ವೈದ್ಯರನ್ನು ಕೇಳದೆ ಆಗಬಾರದು ಅಥವಾ ಆದಾಗ ವೈದ್ಯರಿಗೆ ತಿಳಿಸಬೇಕು. ಮೈಕೈ ನೋವಿಗೆ ಅಂಗಡಿಯಿಂದ ತರುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೂಡ ಮಟ್ಟವನ್ನು ಏರಿಸುತ್ತವೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಕೈ ಜೋರಾಗಿ ನಡುಗುವುದು, ವಾಂತಿ, ತೊದಲು ಮಾತು, ತೂರಾಡುವ ನಡಿಗೆ ಕಂಡರೆ ಮುಂದಿನ ಮಾತ್ರೆ ಕೊಡದೆ ತಕ್ಷಣ ಆಸ್ಪತ್ರೆಗೆ ಹೋಗಿ.

ವಾಲ್ಪ್ರೊಯೇಟ್ ಎಂಬ ಔಷಧ ಗರ್ಭದ ಶಿಶುವಿಗೆ ತೀವ್ರ ಹಾನಿ ಮಾಡಬಲ್ಲದು, ಅಂಡಾಶಯದ ತೊಂದರೆಯನ್ನೂ ತರಬಲ್ಲದು. ಹೆಣ್ಣುಮಕ್ಕಳಿಗೆ ಬರೆದಿದ್ದರೆ ಬೇರೆ ದಾರಿ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಲ್ಯಾಮೋಟ್ರಿಜಿನ್ ಆರಂಭಿಸಿದಾಗ ಮೈಮೇಲೆ ದದ್ದು ಎದ್ದರೆ ಅದೇ ದಿನ ವೈದ್ಯರಿಗೆ ತೋರಿಸಿ.

ಈಗ ಎರಡನೆಯ ಪ್ರಶ್ನೆಗೆ ಬರೋಣ. ಮಗು ಚೆನ್ನಾಗಿರುವುದು ಮಾತ್ರೆ ಕೆಲಸ ಮಾಡುತ್ತಿರುವುದರಿಂದ. ಲಿಥಿಯಂ ಅನ್ನು ಒಮ್ಮೆಲೇ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಅಪಾಯ ನಿಧಾನವಾಗಿ ಇಳಿಸಿದಾಗಿನದಕ್ಕಿಂತ ಹೆಚ್ಚು. ಎಷ್ಟು ಕಾಲ ಎಂಬುದನ್ನು ಕಂತುಗಳ ಸಂಖ್ಯೆ, ತೀವ್ರತೆ, ಅಡ್ಡಪರಿಣಾಮ ನೋಡಿ ವೈದ್ಯರೊಂದಿಗೆ ಕುಳಿತು ನಿರ್ಧರಿಸಬೇಕು. ಹಲವರಿಗೆ ಅದು ವರ್ಷಗಳ ಮಾತು. ಮಗಳ ಮದುವೆಯ ಪ್ರಸ್ತಾಪ ಬಂದಾಗ, ಪರೀಕ್ಷೆ ಹತ್ತಿರ ಬಂದಾಗ, ಊರಿನಿಂದ ನೆಂಟರು ಬಂದಾಗ ಗುಟ್ಟಾಗಿ ನಿಲ್ಲಿಸುವ ಮನೆಗಳಿವೆ. ಮಾತ್ರೆ ಅತ್ಯಂತ ಬೇಕಾದ ಹೊತ್ತೇ ಅದು.

ಹಂತ 5: ಮನೆಯ ಲಯವನ್ನು ಸರಿಪಡಿಸಿ

ನಿದ್ರೆ ಕೆಡುವುದು ಕಾಯಿಲೆಯ ಗುರುತು ಮಾತ್ರವಲ್ಲದೆ ಅದನ್ನು ಕೆರಳಿಸುವ ಕಾರಣವೂ ಹೌದು. ಮಲಗುವ ಮತ್ತು ಏಳುವ ಹೊತ್ತು ರಜೆಯಲ್ಲಿಯೂ ಬದಲಾಗದಿರಲಿ. ರಾತ್ರಿಯಿಡೀ ನಡೆಯುವ ಜಾತ್ರೆ, ಯಕ್ಷಗಾನ, ಮದುವೆ ಮನೆಯ ಗದ್ದಲ, ಪರೀಕ್ಷೆಯ ಹಿಂದಿನ ರಾತ್ರಿಯ ಓದು ಇವುಗಳಲ್ಲಿ ಯಾವುದಕ್ಕೆ ಎಷ್ಟು ಹೊತ್ತು ಎಂದು ಮೊದಲೇ ಮಗುವಿನೊಂದಿಗೆ ಮಾತನಾಡಿಕೊಳ್ಳಿ. ಎಲ್ಲವನ್ನೂ ನಿಷೇಧಿಸಿದರೆ ಮಗು ಒಂಟಿಯಾಗುತ್ತದೆ. ಒಂಬತ್ತರವರೆಗೆ ಜಾತ್ರೆ, ಹತ್ತಕ್ಕೆ ಹಾಸಿಗೆ ಎಂಬ ಒಪ್ಪಂದ ನಡೆಯುತ್ತದೆ.

ಮನೆಯಲ್ಲಿ ಟೀಕೆ, ಮೂದಲಿಕೆ ಹೆಚ್ಚಿದ್ದಲ್ಲಿ ಕಾಯಿಲೆ ಬೇಗ ಮರುಕಳಿಸುತ್ತದೆ ಎಂಬುದು ಅನೇಕ ಅಧ್ಯಯನಗಳಲ್ಲಿ ಕಂಡಿದೆ. ಇದರ ಆಧಾರದ ಮೇಲೆಯೇ ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮಿಕ್ಲೋವಿಟ್ಸ್ ಕುಟುಂಬ ಕೇಂದ್ರಿತ ಚಿಕಿತ್ಸೆಯನ್ನು ರೂಪಿಸಿದರು. ಅದರಲ್ಲಿ ಮನೆಯವರೆಲ್ಲ ಕುಳಿತು ಕಾಯಿಲೆಯ ಬಗ್ಗೆ ಕಲಿಯುತ್ತಾರೆ, ಕೇಳಿಸಿಕೊಳ್ಳುವುದನ್ನೂ ಸಮಸ್ಯೆ ಬಿಡಿಸುವುದನ್ನೂ ಅಭ್ಯಾಸ ಮಾಡುತ್ತಾರೆ. ಅಂಥ ಚಿಕಿತ್ಸೆ ನಿಮ್ಮ ಊರಿನಲ್ಲಿ ಸಿಗದಿದ್ದರೂ ಅದರ ತಿರುಳನ್ನು ಅಳವಡಿಸಿಕೊಳ್ಳಬಹುದು. ಉನ್ಮಾದದಲ್ಲಿರುವ ಮಗುವಿನೊಡನೆ ವಾದ ಮಾಡಬೇಡಿ. ಚಿಕ್ಕ ವಾಕ್ಯದಲ್ಲಿ, ತಗ್ಗಿದ ದನಿಯಲ್ಲಿ, ಒಬ್ಬರೇ ಮಾತನಾಡಿ. ಖಿನ್ನತೆಯಲ್ಲಿರುವ ಮಗುವಿಗೆ ‘ನಿನಗೇನು ಕಡಿಮೆಯಾಗಿದೆ’ ಎಂದು ಕೇಳಬೇಡಿ. ಆ ಪ್ರಶ್ನೆಯನ್ನು ಅದು ತನಗೆ ತಾನೇ ನೂರು ಸಲ ಕೇಳಿಕೊಂಡಿರುತ್ತದೆ. ಒಡಹುಟ್ಟಿದವರಿಗೂ ವಯಸ್ಸಿಗೆ ತಕ್ಕಂತೆ ನಿಜ ಹೇಳಿ. ತಾವು ಜಗಳವಾಡಿದ್ದರಿಂದಲೇ ಅಕ್ಕನಿಗೆ ಹೀಗಾಯಿತು ಎಂದು ಒಳಗೊಳಗೇ ನೊಂದುಕೊಳ್ಳುವ ಮಕ್ಕಳಿರುತ್ತಾರೆ.

ಹಂತ 6: ಶಾಲೆಗೆ ಎಷ್ಟು ಹೇಳಬೇಕೋ ಅಷ್ಟು ಹೇಳಿ

ಇಡೀ ಶಾಲೆಗೆ ತಿಳಿಯಬೇಕಾಗಿಲ್ಲ. ಮುಖ್ಯೋಪಾಧ್ಯಾಯರು ಮತ್ತು ತರಗತಿಯ ಒಬ್ಬ ಶಿಕ್ಷಕರಿಗೆ, ಗೋಪ್ಯವಾಗಿಡುವ ಭರವಸೆ ಪಡೆದು ಹೇಳಿ. ಶಿಕ್ಷಕರೇ, ನಿಮ್ಮಿಂದ ಕೇಳುವುದು ಇಷ್ಟು: ಲಿಥಿಯಂ ತೆಗೆದುಕೊಳ್ಳುವ ಮಗುವಿಗೆ ಬಾಯಾರಿಕೆಯೂ ಮೂತ್ರವೂ ಹೆಚ್ಚು, ನೀರಿನ ಬಾಟಲಿಗೂ ಶೌಚಾಲಯಕ್ಕೂ ತಡೆಯೊಡ್ಡಬೇಡಿ. ಬೆಳಗಿನ ಮೊದಲ ಅವಧಿಯಲ್ಲಿ ಮಂಪರು ಕಂಡರೆ ಸೋಮಾರಿತನ ಎಂದು ನಿಲ್ಲಿಸಿ ಶಿಕ್ಷಿಸಬೇಡಿ. ಎರಡು ಮೂರು ದಿನದಲ್ಲಿ ಮಾತು, ಅಕ್ಷರ, ಗೆಳೆಯರ ಬಳಗ ಇದ್ದಕ್ಕಿದ್ದಂತೆ ಬದಲಾದರೆ ಮನೆಗೆ ಫೋನ್ ಮಾಡಿ. ಬದಲಾವಣೆಯನ್ನು ಮೊದಲು ಗಮನಿಸುವವರು ಅನೇಕ ಸಲ ನೀವೇ. ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ ರಾಜ್ಯದಲ್ಲಿ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಆಸ್ಪತ್ರೆಯಿಂದ ಬಂದ ಮರುವಾರವೇ ಬರೆಯಬೇಕೆಂದು ಒತ್ತಾಯಿಸದೆ ಮುಂದಿನದಕ್ಕೆ ಸಿದ್ಧಪಡಿಸಿ.

ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಒಂದು ಮಾತು. ಹದಿಹರೆಯದವರಿಗೆ ಖಿನ್ನತೆಯ ಮಾತ್ರೆ ಬರೆಯುವ ಮುನ್ನ ‘ನಿದ್ರೆಯೇ ಬೇಡವೆನಿಸುವಷ್ಟು ಹುರುಪಿನ ದಿನಗಳು ಯಾವಾಗಲಾದರೂ ಇದ್ದವೇ, ಮನೆಯಲ್ಲಿ ಯಾರಿಗಾದರೂ ಬೈಪೋಲಾರ್ ಇದೆಯೇ’ ಎಂಬ ಎರಡು ಪ್ರಶ್ನೆಗಳನ್ನು ದಯವಿಟ್ಟು ಕೇಳಿ.

ಹಂತ 7: ತುರ್ತು ಸ್ಥಿತಿಗೆ ಮೊದಲೇ ಸಿದ್ಧರಾಗಿ

ಈ ಕಾಯಿಲೆಯಲ್ಲಿ ಆತ್ಮಹತ್ಯೆಯ ಅಪಾಯ ನಿಜ. ‘ಸಾಯಬೇಕು ಅನ್ನಿಸುತ್ತಿದೆಯೇ’ ಎಂದು ನೇರವಾಗಿ ಕೇಳಿದರೆ ಮಗುವಿನ ತಲೆಯಲ್ಲಿ ಆ ಯೋಚನೆ ಬಿತ್ತಿದಂತಾಗುವುದಿಲ್ಲ, ಹೇಳಿಕೊಳ್ಳಲು ಬಾಗಿಲು ತೆರೆದಂತಾಗುತ್ತದೆ. ಹೌದು ಎಂದರೆ ಒಬ್ಬಂಟಿಯಾಗಿ ಬಿಡಬೇಡಿ. ರೈತರ ಮನೆಗಳಲ್ಲಿ ಕೀಟನಾಶಕವನ್ನು ಮನೆಯಿಂದಲೇ ಹೊರಗೆ, ಬೀಗ ಹಾಕಿದ ಜಾಗದಲ್ಲಿಡಿ. ಮಾತ್ರೆಗಳ ಡಬ್ಬಿಯೂ ಬೀಗದೊಳಗಿರಲಿ, ಹಿರಿಯರೊಬ್ಬರು ದಿನದ ಮಾತ್ರೆಯನ್ನಷ್ಟೇ ತೆಗೆದು ಕೊಡಲಿ. ಲಿಥಿಯಂ ಒಟ್ಟಿಗೆ ನುಂಗಿದರೆ ಪ್ರಾಣಾಪಾಯವಿದೆ. ತುರ್ತಿಗೆ 112, ಆಂಬುಲೆನ್ಸ್‌ಗೆ 108.

ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ 2017ರ ಕಾಯಿದೆ ಮಗುವಿಗೆ ಕೆಲವು ರಕ್ಷಣೆಗಳನ್ನು ಕೊಟ್ಟಿದೆ. 18 ವರ್ಷದೊಳಗಿನವರನ್ನು ವಯಸ್ಕರಿಂದ ಪ್ರತ್ಯೇಕವಾಗಿ ಇರಿಸಬೇಕು. ಪೋಷಕರು ಅಥವಾ ಅವರು ನೇಮಿಸಿದವರು ದಾಖಲಾತಿಯ ಅವಧಿಯುದ್ದಕ್ಕೂ ಜೊತೆಗಿರಬೇಕು. ಹೆಣ್ಣುಮಗುವಿನ ಪೋಷಕರು ಪುರುಷರಾಗಿದ್ದರೆ ಅವರು ನೇಮಿಸಿದ ಹೆಣ್ಣು ಸಹಾಯಕಿ ಜೊತೆಗಿರಬೇಕು. ಇದೇ ಕಾಯಿದೆ ಆರೋಗ್ಯ ವಿಮೆಯಲ್ಲಿ ಮಾನಸಿಕ ಕಾಯಿಲೆಯನ್ನು ದೈಹಿಕ ಕಾಯಿಲೆಯಂತೆಯೇ ಪರಿಗಣಿಸಬೇಕೆಂದೂ ಹೇಳುತ್ತದೆ. ವಿಮೆ ಇದ್ದವರು ಕೇಳಿ ಪಡೆಯಿರಿ.

ಕೊನೆಯದಾಗಿ, ಮಗು ಚೆನ್ನಾಗಿರುವ ದಿನವೊಂದರಲ್ಲಿ ಅದರ ಜೊತೆಗೇ ಕುಳಿತು ಒಂದು ಹಾಳೆ ಬರೆಯಿರಿ. ಕಾಯಿಲೆ ಮರಳುವಾಗ ಒಬ್ಬೊಬ್ಬರಲ್ಲಿ ಮೊದಲು ಕಾಣುವ ಗುರುತುಗಳು ಬಹುಮಟ್ಟಿಗೆ ಪ್ರತಿಸಲವೂ ಅವೇ ಆಗಿರುತ್ತವೆ: ಒಬ್ಬಳು ಬೆಳಗಿನ ಜಾವ ಎದ್ದು ಹಳೆಯ ಗೆಳತಿಯರಿಗೆಲ್ಲ ಸಂದೇಶ ಕಳುಹಿಸಲಾರಂಭಿಸುತ್ತಾಳೆ, ಒಬ್ಬ ಸ್ನಾನ ಬಿಡುತ್ತಾನೆ. ಆ ಎರಡು ಮೂರು ಗುರುತುಗಳು, ಆಗ ಮೊದಲು ಯಾರಿಗೆ ಹೇಳಬೇಕು, ವೈದ್ಯರ ಫೋನ್ ಸಂಖ್ಯೆ, ಈಗಿನ ಮಾತ್ರೆಗಳ ಹೆಸರು ಮತ್ತು ಪ್ರಮಾಣ, ಯಾವ ಮಾತು ತನಗೆ ಸಮಾಧಾನ ಕೊಡುತ್ತದೆ, ಯಾವುದು ಕೆರಳಿಸುತ್ತದೆ ಎಂದು ಮಗುವೇ ಹೇಳಿದ್ದು, ಇಷ್ಟು ಸಾಕು. ಒಂದು ಪ್ರತಿ ಮನೆಯ ಕಪಾಟಿನ ಬಾಗಿಲಿನ ಒಳಬದಿಗೆ ಅಂಟಿಸಿ, ಇನ್ನೊಂದನ್ನು ಊರಿನಲ್ಲಿರುವ ಅಜ್ಜ ಅಜ್ಜಿಗೆ ಅಥವಾ ಮಗು ನಂಬುವ ಚಿಕ್ಕಮ್ಮನಿಗೆ ಕೊಡಿ. ಪ್ರತಿ ಸಲ ಮಾತ್ರೆ ಬದಲಾದಾಗ ಹಾಳೆಯನ್ನು ಹೊಸದಾಗಿ ಬರೆಯಿರಿ.